ಡಾಕ್ಟರ್ ಅಟಾಮಿಕ್: ಕೃಷ್ಣನ ಮಾತಲ್ಲ, ಅರ್ಜುನನ ಹೆದರಿಕೆ

ಗೀತೆಯ ಹನ್ನೊಂದನೇ ಅಧ್ಯಾಯ ಬಾಯಿಪಾಠ ಇರುವವರು ಯಾರಾದರೂ ಸಿಕ್ಕರೆ ನಾನು ಈಗ ಒಂದು ಆಲ್ಬಮ್ ಕೇಳಿ ಅಂತ ಹೇಳುತ್ತೇನೆ. ಅಮೆರಿಕದ ಸಂಗೀತ ರಚನಕಾರ ಜಾನ್ ಆಡಮ್ಸ್ ಅವರ ‘ಡಾಕ್ಟರ್ ಅಟಾಮಿಕ್’ ಒಪೆರಾ, ಅಂದರೆ ಮಾತನ್ನೂ ಹಾಡಿನಲ್ಲೇ ಹೇಳುವ ಪಾಶ್ಚಾತ್ಯ ಸಂಗೀತ ನಾಟಕ. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೊದಲ ಪ್ರದರ್ಶನ ಕಂಡಿತು. ನಾನು ಬರೆಯುತ್ತಿರುವುದು ನಾನ್‌ಸಚ್ ಕಂಪನಿ 2018ರಲ್ಲಿ ತಂದ ಧ್ವನಿಮುದ್ರಣದ ಬಗ್ಗೆ. ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ನುಡಿಸಿದೆ, ನಡೆಸಿದವರು ಸ್ವತಃ ಆಡಮ್ಸ್.

ಕತೆ ನಮಗೆ ಗೊತ್ತಿರುವುದೇ. 1945ರ ಬೇಸಿಗೆ, ನ್ಯೂ ಮೆಕ್ಸಿಕೋ. ಮೊದಲ ಅಣುಬಾಂಬ್ ಸಿದ್ಧವಾಗಿದೆ. ಜುಲೈ 16ರ ಬೆಳಗಿನ ಜಾವ ಅದನ್ನು ಸಿಡಿಸಿ ನೋಡಬೇಕು. ಹಿಂದಿನ ರಾತ್ರಿ ಗುಡುಗು, ಮಿಂಚು, ಮಳೆ. ಬಾಂಬ್ ತಯಾರಿಸಿದ ವಿಜ್ಞಾನಿಗಳ ಮುಖ್ಯಸ್ಥ ಓಪನ್‌ಹೈಮರ್, ಭೌತವಿಜ್ಞಾನಿ ಟೆಲ್ಲರ್, ಸೇನೆಯ ಕಡೆಯಿಂದ ಯೋಜನೆ ನಡೆಸಿದ ಜನರಲ್ ಗ್ರೋವ್ಸ್ ಎಲ್ಲರೂ ಕಾಯುತ್ತಾರೆ. ಮಾತುಗಳನ್ನು ಜೋಡಿಸಿದವರು ಪೀಟರ್ ಸೆಲ್ಲರ್ಸ್. ಅವರು ಹೊಸದಾಗಿ ಸಂಭಾಷಣೆ ಬರೆಯಲಿಲ್ಲ. ಒಂದು ಕಾಲಕ್ಕೆ ಗುಟ್ಟಾಗಿದ್ದ ಸರ್ಕಾರಿ ಕಾಗದಗಳು, ನೆನಪುಗಳು, ಕವಿತೆಗಳು, ಗೀತೆ, ಇವುಗಳಿಂದಲೇ ಆಯ್ದು ಹೊಲಿದಿದ್ದಾರೆ.

ವರ್ಷಗಟ್ಟಲೆ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿದವಳು ನಾನು. ಅದಕ್ಕೇ ಇದರಲ್ಲಿ ಭೌತಶಾಸ್ತ್ರ ಹೇಗೆ ಬಂದಿದೆ ಅಂತ ಮೊದಲು ನೋಡಿದೆ. ಪ್ಲುಟೋನಿಯಂ ಉಂಡೆಯ ಸುತ್ತ ಸ್ಫೋಟಕವನ್ನು 32 ಕಡೆ ಸಮನಾಗಿ ಇಡಬೇಕಲ್ವಾ, ಆ ಲೆಕ್ಕವನ್ನೇ ಕೋರಸ್, ಅಂದರೆ ಹಾಡುಗಾರರ ಗುಂಪು, ಹಾಡುತ್ತದೆ! 20 ತ್ರಿಕೋನ ಮುಖಗಳು, 12 ಪಂಚಕೋನ ಮುಖಗಳು, ಒಟ್ಟು 32. ನನಗೆ ಅದು ದೇವರ ಅಲಂಕಾರವನ್ನು ತಲೆಯಿಂದ ಪಾದದವರೆಗೆ ವರ್ಣಿಸುವ ಸ್ತೋತ್ರದ ಹಾಗೆ ಕೇಳಿಸಿತು. ಬೋರ್ಡಿನ ಮೇಲೆ ನಾನು ಬರೆದ ಯಾವ ಚಿತ್ರಕ್ಕೂ ಆ ಬಿಗಿ ಬಂದಿರಲಿಲ್ಲ.

ಆರಂಭದ ಕೋರಸ್‌ಗೂ ಒಂದು ಕತೆ ಇದೆ. ವಸ್ತುವನ್ನು ಸೃಷ್ಟಿಸಲೂ ಆಗದು, ನಾಶ ಮಾಡಲೂ ಆಗದು ಎಂದು ಮೊದಲ ಪ್ರದರ್ಶನದಲ್ಲಿ ಹಾಡಿದ್ದರು. ಮಾರ್ವಿನ್ ಕೊಹೆನ್ ಎಂಬ ಭೌತವಿಜ್ಞಾನಿ ಇದು ಸರಿಯಲ್ಲ ಎಂದರು. ಆಡಮ್ಸ್ ತಿದ್ದಿದರು. ಹಾಗೆ ನಂಬಿದ್ದೆವು, ಆದರೆ ವಸ್ತು ಶಕ್ತಿಯಾಗಬಹುದು, ಶಕ್ತಿ ವಸ್ತುವಾಗಬಹುದು ಎಂದು ಈಗ ಗೊತ್ತಾಗಿದೆ, ಎನ್ನುತ್ತದೆ ತಿದ್ದಿದ ಸಾಲು. ತಿದ್ದಿದ ಮೇಲೆ ಪದ್ಯವೇ ಇನ್ನೂ ಚೆನ್ನಾಗಿದೆ. ಬಾಂಬ್ ಕೆಲಸ ಮಾಡುವುದೇ ಆ ‘ಆದರೆ’ಯ ಮೇಲೆ.

ಗೀತೆಗೆ ಬರೋಣ. ಓಪನ್‌ಹೈಮರ್ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತದ ಪ್ರೊಫೆಸರ್ ಆರ್ಥರ್ ರೈಡರ್ ಹತ್ತಿರ ಸಂಸ್ಕೃತ ಕಲಿತವರು. ಸ್ಫೋಟ ನೋಡಿದಾಗ ಗೀತೆಯ ಹನ್ನೊಂದನೇ ಅಧ್ಯಾಯದ ‘ಕಾಲೋಽಸ್ಮಿ’ ಶ್ಲೋಕ ನೆನಪಾಯಿತು ಅಂತ ಆಮೇಲೆ ಅವರೇ ಹೇಳಿದ್ದರಿಂದ, ಓಪನ್‌ಹೈಮರ್ ಹೆಸರು ಬಂದರೆ ಸಾಕು, ಎಲ್ಲರೂ ಆ ಶ್ಲೋಕಕ್ಕೆ ಹೋಗುತ್ತಾರೆ. ಅದು ಕೃಷ್ಣನ ಮಾತು, ಲೋಕವನ್ನು ಮುಗಿಸಲು ಬಂದ ಕಾಲ ನಾನು ಅಂತ. ಈ ಒಪೆರಾದಲ್ಲಿ ಆ ಮಾತಿಲ್ಲ. ಎರಡನೇ ಅಂಕದಲ್ಲಿ ಕೋರಸ್ ಎತ್ತಿಕೊಳ್ಳುವುದು ಅದಕ್ಕಿಂತ ಮೊದಲು ಬರುವ 23 ಮತ್ತು 24ನೇ ಶ್ಲೋಕಗಳನ್ನು, ಸ್ವಾಮಿ ಪ್ರಭವಾನಂದ ಮತ್ತು ಲೇಖಕ ಇಶರ್‌ವುಡ್ ಮಾಡಿದ ಇಂಗ್ಲಿಷ್ ಅನುವಾದದಲ್ಲಿ. ‘ರೂಪಂ ಮಹತ್ತೇ ಬಹುವಕ್ತ್ರನೇತ್ರಂ’ ಅಂತ ನಾವು ಹೇಳಿಕೊಳ್ಳುತ್ತೇವಲ್ಲ, ಅದೇ. ಮಾತಾಡುತ್ತಿರುವುದು ಅರ್ಜುನ. ಲೋಕಗಳೆಲ್ಲ ನಡುಗಿವೆ, ನಾನೂ ಹಾಗೇ, ಅನ್ನುತ್ತಾನೆ.

ಈ ಆಯ್ಕೆಗೇ ನಾನು ಇವರಿಗೆ ಕೈ ಮುಗಿಯುತ್ತೇನೆ. ಬಾಂಬ್ ಮಾಡಿದವನ ಬಾಯಲ್ಲಿ ದೇವರ ಮಾತು ಇಟ್ಟರೆ ಅವನು ದೊಡ್ಡವನಾಗಿ ಕಾಣುತ್ತಾನೆ. ಅರ್ಜುನನ ಮಾತು ಇಟ್ಟರೆ, ತಾನೇ ನೋಡಬೇಕೆಂದು ಬೇಡಿದ್ದು ಎದುರಿಗೆ ನಿಂತಾಗ ಶಾಂತಿ ಕಳೆದುಕೊಂಡ ಮನುಷ್ಯನಾಗುತ್ತಾನೆ. ಸಂಗೀತವೂ ಹಾಗೇ ಇದೆ. ಭಕ್ತಿಯ ಮೃದುತ್ವ ಒಂದಿಷ್ಟೂ ಇಲ್ಲ. ಕೋರಸ್ ಪದಗಳನ್ನು ಎಸೆಯುತ್ತದೆ. ಮನೆಯಲ್ಲಿ ಶಾಂತವಾಗಿ ಪಾರಾಯಣ ಮಾಡುವಾಗ ಈ ಶ್ಲೋಕದಲ್ಲಿ ಇಷ್ಟು ಭಯ ಇದೆ ಅಂತ ನನಗೆ ಅನಿಸಿಯೇ ಇರಲಿಲ್ಲ.

ಮೊದಲ ಅಂಕದ ಕೊನೆಯಲ್ಲಿ ಓಪನ್‌ಹೈಮರ್ ಬಾಂಬಿನ ಎದುರು ಒಬ್ಬನೇ ಹಾಡುವುದು ಇಂಗ್ಲಿಷ್ ಕವಿ ಜಾನ್ ಡನ್ ಅವರ ಪದ್ಯ, ನನ್ನ ಹೃದಯವನ್ನು ಒಡೆದು ಹಾಕು ಎಂದು ಮೂರು ರೂಪದ ಕ್ರೈಸ್ತ ದೇವರನ್ನು ಕೇಳುವಂಥದ್ದು. ಜುಲೈ 16ರ ಆ ಬಾಂಬ್ ಪ್ರಯೋಗಕ್ಕೆ ಟ್ರಿನಿಟಿ, ಅಂದರೆ ತ್ರಿಮೂರ್ತಿ, ಅಂತ ಹೆಸರಿಟ್ಟಿದ್ದರ ಹಿಂದೆಯೂ ಡನ್ ಇದ್ದಾರೆ. ಓಪನ್‌ಹೈಮರ್ ಪಾತ್ರದಲ್ಲಿ ಜೆರಾಲ್ಡ್ ಫಿನ್ಲಿ ಹಾಡಿರುವುದು ಅದ್ಭುತ. ಓಪನ್‌ಹೈಮರ್ ಹೆಂಡತಿ ಕಿಟ್ಟಿಯ ಪಾತ್ರದ ಜೂಲಿಯಾ ಬುಲಕ್ ಕೂಡ ಚೆನ್ನ.

ಕೊರತೆಯೂ ಇದೆ. ಎರಡನೇ ಅಂಕ ಎಳೆಯುತ್ತದೆ. ಕಾಯುವುದನ್ನೇ ಸಂಗೀತ ಮಾಡಿದ್ದಾರೆ, ಸರಿ, ಆದರೆ ಕಿಟ್ಟಿಯ ಉದ್ದದ ಪದ್ಯಗಳಲ್ಲಿ ನನಗೆ ದಾರಿ ತಪ್ಪಿತು. ರಂಗ ಕಾಣದೆ ಬರೀ ಕೇಳುವಾಗ ಇದು ಇನ್ನೂ ಜಾಸ್ತಿ. ಹಾಡಿನ ಮಾತುಗಳನ್ನು ಎದುರಿಗೆ ಇಟ್ಟುಕೊಳ್ಳದೆ ಸುಮ್ನೆ ಹಾಕಬೇಡಿ.

ಒಪೆರಾ ಹೊಸದಾದರೆ ಮೊದಲು ಡನ್ ಪದ್ಯ ಕೇಳಿ, ಆಮೇಲೆ ಗೀತೆಯ ಕೋರಸ್. ಅವೆರಡು ಹಿಡಿಸಿದರೆ ಒಂದು ಸಂಜೆಗೆ ಒಂದು ಅಂಕದಂತೆ ಪೂರ್ತಿ ಕೇಳಬಹುದು. ಒಳ್ಳೆ ಹೆಡ್‌ಫೋನ್ ಇರಲಿ, ಕೆಳಸ್ವರದ ಗುಡುಗು ಫೋನಿನ ಸ್ಪೀಕರಿನಲ್ಲಿ ಕೇಳುವುದೇ ಇಲ್ಲ.