ವಿಕಿಪೀಡಿಯದ ಹೊಸಬರ ಹೋಮ್‌ಪೇಜ್: ವರ್ಷಗಟ್ಟಲೆ ಬಳಕೆಯ ನಂತರದ ವಿಮರ್ಶೆ

ವಿಕಿಪೀಡಿಯದಲ್ಲಿ ಹೊಸದಾಗಿ ಖಾತೆ ತೆರೆದವರಿಗೆ ಸಣ್ಣ ಸಣ್ಣ ಸಂಪಾದನೆ ಕೆಲಸಗಳನ್ನು ತೋರಿಸುವ ಪುಟವೇ ಈ ಹೋಮ್‌ಪೇಜ್. ರೇಟಿಂಗ್: 5ಕ್ಕೆ 3.5. ಕೊಂಡಿ (ಒಂದು ಲೇಖನದಿಂದ ಇನ್ನೊಂದಕ್ಕೆ ಲಿಂಕ್) ಸೇರಿಸುವ ಕೆಲಸಕ್ಕೆ ಮಾತ್ರ 4.5, ಭಾಷೆ ತಿದ್ದುವ ಕೆಲಸಕ್ಕೆ 2. ಒಂದೇ ಪುಟದ ಎರಡು ಕೆಲಸಗಳಿಗೆ ಇಷ್ಟು ಅಂತರ ಏಕೆ ಎಂಬುದನ್ನು ಹೇಳುವುದಕ್ಕೇ ಈ ವಿಮರ್ಶೆ.

ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಫೌಂಡೇಶನ್‌ನ ಗ್ರೋತ್ ತಂಡ 2019ರಲ್ಲಿ ಈ ಹೋಮ್‌ಪೇಜನ್ನು ಕೆಲವು ಭಾಷೆಗಳ ವಿಕಿಪೀಡಿಯದಲ್ಲಿ ಮೊದಲು ತಂದಿತು. ಅದೇ ವರ್ಷದ ಕೊನೆಯ ಹೊತ್ತಿಗೆ ಅದರಲ್ಲಿ ‘ಸೂಚಿಸಿದ ಸಂಪಾದನೆಗಳು’ ಎಂಬ ಭಾಗ ಸೇರಿತು. ಹೊಸ ಖಾತೆಯವರು ತಮ್ಮ ಬಳಕೆದಾರ ಹೆಸರನ್ನು ಒತ್ತಿದರೆ ನೇರವಾಗಿ ಇಲ್ಲಿಗೆ ಬರುತ್ತಾರೆ. ಹಳೆಯ ಖಾತೆಯವರು ಪ್ರಾಶಸ್ತ್ಯಗಳ (ಪ್ರಿಫರೆನ್ಸಸ್) ಮೊದಲ ಟ್ಯಾಬ್‌ನಲ್ಲಿ ಕೆಳಗೆ ಹೋಗಿ ಇದನ್ನು ಆನ್ ಮಾಡಿಕೊಳ್ಳಬೇಕು. ಹೊಸಬರಿಗೆ ಕಲಿಸುವವರು ಮೊದಲು ಇದನ್ನೇ ಮಾಡಿಕೊಳ್ಳಿ. ಹೊಸಬರ ಕಣ್ಣಿಗೆ ಏನು ಬೀಳುತ್ತಿದೆ ಎಂದು ನೋಡದೆ ಸಲಹೆ ಕೊಟ್ಟರೆ ಅದು ಉಪಯೋಗಕ್ಕೆ ಬರುವುದಿಲ್ಲ.

ಪುಟದಲ್ಲಿ ಒಂದೊಂದು ಲೇಖನಕ್ಕೆ ಒಂದೊಂದು ಕಾರ್ಡ್ ಬರುತ್ತದೆ: ಶೀರ್ಷಿಕೆ, ಮೊದಲ ಸಾಲುಗಳು, ಎಷ್ಟು ಜನ ಓದುತ್ತಿದ್ದಾರೆ ಎಂಬ ಲೆಕ್ಕ. ಕೆಲಸಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸಿದ್ದಾರೆ. ಭಾಷೆ ತಿದ್ದುವುದು ಮತ್ತು ಕೊಂಡಿ ಸೇರಿಸುವುದು ಸುಲಭದ ಸಾಲಿನಲ್ಲಿವೆ. ಉಲ್ಲೇಖ ಹುಡುಕುವುದು, ಮಾಹಿತಿ ನವೀಕರಿಸುವುದು ಮಧ್ಯಮ. ಲೇಖನ ವಿಸ್ತರಿಸುವುದು ಕಠಿಣ. ವಿಷಯವಾರು ಆರಿಸಿಕೊಳ್ಳಲೂ ಅವಕಾಶವಿದೆ. ಆದರೆ ಲೇಖನಗಳು ಕಡಿಮೆ ಇರುವ ವಿಕಿಯಲ್ಲಿ (ಒಂದು ಭಾಷೆಯ ವಿಕಿಪೀಡಿಯದಲ್ಲಿ) ಒಂದೇ ವಿಷಯ ಆರಿಸಿದರೆ ಕಾರ್ಡುಗಳು ಬೇಗ ಮುಗಿದುಹೋಗುತ್ತವೆ, ಕೆಲವೊಮ್ಮೆ ಒಂದೂ ಸಿಗುವುದಿಲ್ಲ. ನಾಲ್ಕೈದು ವಿಷಯ ಆರಿಸಿ, ‘ಇವುಗಳಲ್ಲಿ ಯಾವುದಾದರೂ’ ಎಂಬ ಆಯ್ಕೆಯನ್ನು ಇಟ್ಟುಕೊಳ್ಳುವುದು ಒಳ್ಳೆಯದು. ‘ಎಲ್ಲವೂ ಹೊಂದಬೇಕು’ ಎಂದು ಆರಿಸಿದವರಿಗೆ ಖಾಲಿ ಪುಟ ಕಾಣುತ್ತದೆ. ಹಾಗೆ ಖಾಲಿ ಪುಟ ಕಂಡು ಹಿಂದಿರುಗಿದವರು ಮತ್ತೆ ಬರುವುದು ಅಪರೂಪ.

ಕೊಂಡಿ ಸೇರಿಸುವ ಕೆಲಸ ನಿಜಕ್ಕೂ ಚೆನ್ನಾಗಿದೆ. 2021ರಲ್ಲಿ ಬಂದ ಈ ವಿಧದಲ್ಲಿ ಯಂತ್ರವೇ ಲೇಖನ ಓದಿ, ಈ ಪದಕ್ಕೆ ಆ ಲೇಖನದ ಕೊಂಡಿ ಹಾಕಬಹುದೇ ಎಂದು ಕೇಳುತ್ತದೆ. ಹೊಸಬರು ‘ಹೌದು’ ಅಥವಾ ‘ಬೇಡ’ ಎನ್ನಬೇಕು. ‘ಬೇಡ’ ಎಂದರೆ ಕಾರಣ ಕೇಳುತ್ತದೆ: ಎಲ್ಲರಿಗೂ ಗೊತ್ತಿರುವ ಸಾಮಾನ್ಯ ಪದವೇ, ಕೊಂಡಿ ತಪ್ಪು ಲೇಖನಕ್ಕೆ ಹೋಗುತ್ತದೆಯೇ, ಆಯ್ದ ಪದಗಳು ಹೆಚ್ಚು ಕಡಿಮೆ ಆಗಿವೆಯೇ. ಫೋನಿನಲ್ಲೂ ಎರಡು ಮೂರು ನಿಮಿಷದಲ್ಲಿ ಮುಗಿಯುತ್ತದೆ. ಕೆಲಸ ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬುದು ಕಣ್ಣೆದುರೇ ಇರುತ್ತದೆ. ಮೊದಲ ಕೆಲಸಕ್ಕೆ ಇದಕ್ಕಿಂತ ಮುಖ್ಯವಾದ ಗುಣ ಬೇರೊಂದಿಲ್ಲ.

ಕೊರತೆಯೂ ಇದೆ. ಈಗಾಗಲೇ ವಿಕಿಯಲ್ಲಿರುವ ಕೊಂಡಿಗಳನ್ನು ನೋಡಿಯೇ ಯಂತ್ರ ಕಲಿಯುತ್ತದೆ. ಕನ್ನಡದಂಥ ಭಾಷೆಯಲ್ಲಿ ವಿಭಕ್ತಿ ಪ್ರತ್ಯಯ ಪದಕ್ಕೇ ಅಂಟಿಕೊಳ್ಳುತ್ತದೆ: ಲೇಖನದ ಹೆಸರು ‘ಜೀವಕೋಶ’, ವಾಕ್ಯದಲ್ಲಿ ಬರುವುದು ‘ಜೀವಕೋಶಗಳಲ್ಲಿನ’. ಆ ರೂಪಕ್ಕೆ ಹಿಂದೆ ಯಾರೂ ಕೊಂಡಿ ಹಾಕಿರದಿದ್ದರೆ ಯಂತ್ರಕ್ಕೆ ಅದು ಹೊಳೆಯುವುದಿಲ್ಲ. ಹಾಗಾಗಿ ಹಳಬರು ಬರೆಯುವಾಗಲೇ [[ಜೀವಕೋಶ|ಜೀವಕೋಶಗಳಲ್ಲಿನ]] ಎಂದು (ಗೆರೆಯ ಎಡಕ್ಕೆ ಲೇಖನದ ಹೆಸರು, ಬಲಕ್ಕೆ ಓದುವವರಿಗೆ ಕಾಣುವ ಪದ) ಪ್ರತ್ಯಯ ಸಮೇತ ಕೊಂಡಿ ಕೊಡುತ್ತಾ ಹೋದರೆ ಮುಂದೆ ಹೊಸಬರಿಗೆ ಸಿಗುವ ಸೂಚನೆಗಳು ಹೆಚ್ಚುತ್ತವೆ. ಎರಡು ಅರ್ಥದ ಪದಗಳಲ್ಲೂ ಯಂತ್ರ ಎಡವುತ್ತದೆ. ‘ಕರಣ’ ಎಂಬ ಪದ ವ್ಯಾಕರಣದ್ದೋ ಪಂಚಾಂಗದ್ದೋ ಎಂದು ತೀರ್ಮಾನಿಸಲು ವಾಕ್ಯ ಓದಲೇಬೇಕು. ಮೊದಲ ಹತ್ತು ಸೂಚನೆಗಳಲ್ಲಿ ಒಂದಕ್ಕೂ ‘ಬೇಡ’ ಎನ್ನದ ಹೊಸಬರು ಬಹುಶಃ ಓದದೆಯೇ ಒತ್ತುತ್ತಿದ್ದಾರೆ. ಅವರಿಗೆ ಬೇಗನೆ, ಮೆತ್ತಗೆ ಹೇಳಬೇಕು.

ಚಿತ್ರ ಸೇರಿಸುವ ಕೆಲಸ ಇಷ್ಟು ಸಲೀಸಲ್ಲ. ವಿಕಿಡೇಟಾ (ವಿಕಿಪೀಡಿಯದ ಜೊತೆಗಿನ ದತ್ತಾಂಶ ಕೋಶ), ಕಾಮನ್ಸ್ (ಚಿತ್ರಗಳ ಭಂಡಾರ), ಬೇರೆ ಭಾಷೆಯ ವಿಕಿಪೀಡಿಯ ಇವುಗಳಿಂದ ಯಂತ್ರ ಒಂದು ಚಿತ್ರ ಹುಡುಕಿ ತೋರಿಸುತ್ತದೆ, ಅದಕ್ಕೆ ಅಡಿಬರಹ ಬರೆಯಬೇಕು. ಒಂದೇ ಹೆಸರಿನ ಊರಿಗೂ ನದಿಗೂ ಚಿತ್ರ ಅದಲು ಬದಲಾಗಬಹುದು. ಅಡಿಬರಹದ ಜಾಗದಲ್ಲಿ ಲೇಖನದ ಹೆಸರನ್ನಷ್ಟೇ ತುಂಬುವವರೂ ಇದ್ದಾರೆ. ಒಬ್ಬರಿಗೆ ದಿನಕ್ಕೆ 25 ಎಂಬ ಮಿತಿ ಮೊದಲೇ ಇದೆ, ಸಮುದಾಯ ಅದನ್ನು ಇಳಿಸಬಹುದು. ಇತ್ತೀಚಿನ ಬದಲಾವಣೆಗಳನ್ನು ದಿನಾ ನೋಡುವವರು ನಾಲ್ಕೈದು ಜನರಷ್ಟೇ ಇರುವ ವಿಕಿಗೆ 25 ಜಾಸ್ತಿಯಾಯಿತು. 5ರಿಂದ ಆರಂಭಿಸುವುದು ಕ್ಷೇಮ. ಹೋಮ್‌ಪೇಜ್ ಮೂಲಕ ಆದ ಸಂಪಾದನೆಗಳಿಗೆಲ್ಲ ಪ್ರತ್ಯೇಕ ಟ್ಯಾಗ್ ಬೀಳುವುದರಿಂದ ಅವುಗಳನ್ನಷ್ಟೇ ಸೋಸಿ ನೋಡುವುದು ಸುಲಭ. ಇದನ್ನು ಬಳಸಿಕೊಳ್ಳದ ವಿಕಿಗಳು ಒಳ್ಳೆಯ ಸೌಲಭ್ಯವೊಂದನ್ನು ಕೈಬಿಟ್ಟಂತೆ.

ಇನ್ನು 2 ಅಂಕ ಪಡೆದ ಭಾಷೆ ತಿದ್ದುವ ಕೆಲಸ. ಇಲ್ಲಿ ಯಂತ್ರದ ಪಾತ್ರ ಕಡಿಮೆ. ಲೇಖನದ ನೆತ್ತಿಯ ಮೇಲೆ ಯಾರೋ ಎಂದೋ ಹಾಕಿದ ನಿರ್ವಹಣಾ ಟೆಂಪ್ಲೇಟನ್ನು (ಲೇಖನದ ಕೊರತೆ ಹೇಳುವ ಸೂಚನಾ ಪಟ್ಟಿಯನ್ನು) ಹುಡುಕಿ, ಆ ಲೇಖನವನ್ನೇ ‘ಸುಲಭ’ ಎಂದು ಕೊಡುತ್ತದೆ. ತೊಂದರೆ ಮೂರು ಬಗೆಯದು. ಟೆಂಪ್ಲೇಟ್ ಇಡೀ ಲೇಖನದ ಮೇಲಿರುವುದರಿಂದ ತಪ್ಪು ಯಾವ ಪ್ಯಾರಾದಲ್ಲಿದೆ ಎಂದು ಹೊಸಬರಿಗೆ ಗೊತ್ತಾಗುವುದಿಲ್ಲ. ತಿದ್ದಿದ ಮೇಲೆ ಟೆಂಪ್ಲೇಟ್ ತೆಗೆಯಬೇಕೆಂದೂ ಅವರಿಗೆ ತಿಳಿಯದು, ಹೀಗಾಗಿ ಸರಿಯಾದ ಲೇಖನವೇ ಮುಂದಿನವರಿಗೂ ಬರುತ್ತದೆ. ಅವರು ತಪ್ಪು ಕಾಣದೆ, ಸರಿಯಿದ್ದುದನ್ನೇ ಬದಲಿಸುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಯಂತ್ರಾನುವಾದದ ಉದ್ದುದ್ದ ಲೇಖನಗಳು. ಅರವತ್ತು ಪ್ಯಾರಾ, ಒಂದು ವಾಕ್ಯಕ್ಕೂ ತಲೆಬುಡವಿಲ್ಲ, ಮೇಲೆ ಭಾಷೆ ತಿದ್ದಿ ಎಂಬ ಟೆಂಪ್ಲೇಟ್. ಇದು ನುರಿತವರಿಗೂ ವಾರಗಟ್ಟಲೆ ಹಿಡಿಯುವ ಕೆಲಸ. ಮೊದಲ ದಿನದವರಿಗೆ ಅದನ್ನು ‘ಸುಲಭ’ ಎಂದು ಕೊಡುವುದು ಅನ್ಯಾಯ.

ಇದಕ್ಕೆ ತಂತ್ರಾಂಶ ಬದಲಾಗಲಿ ಎಂದು ಕಾಯಬೇಕಿಲ್ಲ. ಯಾವ ಟೆಂಪ್ಲೇಟ್ ಯಾವ ಕೆಲಸಕ್ಕೆ ಎಂಬ ಪಟ್ಟಿ ಪ್ರತಿ ವಿಕಿಯ ಸಮುದಾಯ ಸಂರಚನೆಯ ವಿಶೇಷ ಪುಟದಲ್ಲಿದೆ, ನಿರ್ವಾಹಕರು ಅಲ್ಲೇ ಬದಲಿಸಬಹುದು. ಯಂತ್ರಾನುವಾದಕ್ಕೆ ಬೇರೆಯದೇ ಟೆಂಪ್ಲೇಟ್ ಮಾಡಿ, ಆ ಲೇಖನಗಳಿಂದ ಹಳೆಯದನ್ನು ತೆಗೆದು ಹೊಸದನ್ನು ಹಾಕಿ. ಹೊಸದನ್ನು ಪಟ್ಟಿಗೆ ಸೇರಿಸಬೇಡಿ. ಇಷ್ಟು ಮಾಡಿದರೆ ಸುಲಭದ ಸಾಲು ಬಹುಪಾಲು ಶುದ್ಧವಾಗುತ್ತದೆ. ಆಮೇಲೆ ಉಳಿದ ಲೇಖನಗಳಲ್ಲಿ ಟೆಂಪ್ಲೇಟನ್ನು ನೆತ್ತಿಯಿಂದ ಇಳಿಸಿ, ತೊಂದರೆ ಇರುವ ವಿಭಾಗದ ತಲೆಗೆ ಹಾಕಿ. ಹುಡುಕಾಟ ಲೇಖನದಲ್ಲಿ ಟೆಂಪ್ಲೇಟ್ ಇದೆಯೇ ಎಂದಷ್ಟೇ ನೋಡುವುದರಿಂದ ವಿಭಾಗದಲ್ಲಿದ್ದರೂ ಸಿಗುತ್ತದೆ. ಜೊತೆಗೆ ಹೊಸಬರಿಗೆ ಎಲ್ಲಿ ಕೈಹಾಕಬೇಕೆಂದೂ ತಿಳಿಯುತ್ತದೆ.

ಕೈಯಾರೆ ಆರಿಸಿದ ಲೇಖನಗಳ ಚಿಕ್ಕ ಪಟ್ಟಿಯೊಂದು ಪಕ್ಕದಲ್ಲಿರಲಿ, ಇಪ್ಪತ್ತು ಸಾಕು. ಮೂರರಿಂದ ಎಂಟು ಪ್ಯಾರಾ ಉದ್ದ, ಹೆಚ್ಚೆಂದರೆ ಒಂದು ನಿರ್ವಹಣಾ ಟೆಂಪ್ಲೇಟ್, ಇತಿಹಾಸದಲ್ಲಿ ಒಬ್ಬರ ಸಂಪಾದನೆಯನ್ನು ಇನ್ನೊಬ್ಬರು ವಜಾ ಮಾಡುವ (ರದ್ದುಗೊಳಿಸುವ) ಜಗಳ ಇಲ್ಲದ್ದು, ಬದುಕಿರುವ ವ್ಯಕ್ತಿಗಳ ಬಗ್ಗೆ ಅಲ್ಲದ್ದು. ಪ್ರತಿ ಹೆಸರಿನ ಮುಂದೆ ಒಂದೇ ಸಾಲಿನ ಸೂಚನೆ: ‘ಎರಡನೇ ಪ್ಯಾರಾದಲ್ಲಿ ಒತ್ತಕ್ಷರದ ತಪ್ಪುಗಳಿವೆ, ತಿದ್ದಿ, ಸಂಪಾದನೆಯ ಸಾರಾಂಶದಲ್ಲಿ ಕಾಗುಣಿತ ತಿದ್ದುಪಡಿ ಎಂದು ಬರೆಯಿರಿ.’ ಮುಗಿದದ್ದನ್ನು ತಿಂಗಳಿಗೊಮ್ಮೆ ತೆಗೆಯದಿದ್ದರೆ ಈ ಪಟ್ಟಿಯೂ ಹಳೆಯ ಟೆಂಪ್ಲೇಟಿನ ಗತಿಯನ್ನೇ ಕಾಣುತ್ತದೆ.

ಉಲ್ಲೇಖ ಹುಡುಕುವ ಕೆಲಸಕ್ಕೆ ಹೋಮ್‌ಪೇಜ್‌ಗಿಂತ ಸೈಟೇಶನ್ ಹಂಟ್ ಎಂಬ ಪ್ರತ್ಯೇಕ ಸಾಧನ ಮೇಲು. ಉಲ್ಲೇಖವಿಲ್ಲದ ಆ ಒಂದು ತುಣುಕನ್ನೇ ಎತ್ತಿ ತೋರಿಸುತ್ತದೆ, ಬೇಡವೆಂದರೆ ಮುಂದಿನದಕ್ಕೆ ಹೋಗಬಹುದು. ಅದು ಎಲ್ಲ ಭಾಷೆಗಳಿಗೂ ಇಲ್ಲ. ಇರುವಲ್ಲೂ ‘ಉಲ್ಲೇಖ ಬೇಕು’ ಎಂದು ಸಾಲಿನ ಪಕ್ಕದಲ್ಲೇ ಗುರುತು ಹಾಕಿರಬೇಕು. ಹೇಗಿದ್ದರೂ ಇದು ಮೊದಲ ದಿನದ ಕೆಲಸವಲ್ಲ. ನಂಬಬಹುದಾದ ಮೂಲ ಯಾವುದು ಎಂಬ ತಿಳಿವಳಿಕೆ ಬಂದ ಮೇಲೆ, ಹದಿನೈದು ಇಪ್ಪತ್ತು ಸಂಪಾದನೆಗಳ ನಂತರ ಕೊಡಿ.

ಮಾರ್ಗದರ್ಶಕರ ಭಾಗದ ಬಗ್ಗೆ ಎರಡು ಮಾತು. ಹೊಸಬರಿಗೆ ಒಬ್ಬ ಮಾರ್ಗದರ್ಶಕರನ್ನು ಹೋಮ್‌ಪೇಜ್ ತಾನಾಗಿಯೇ ಗೊತ್ತುಮಾಡುತ್ತದೆ, ಕೇಳಿದ ಪ್ರಶ್ನೆ ಆ ಮಾರ್ಗದರ್ಶಕರ ಚರ್ಚೆ ಪುಟಕ್ಕೆ ಬರುತ್ತದೆ. ಮಾರ್ಗದರ್ಶಕರ ಡ್ಯಾಶ್‌ಬೋರ್ಡ್‌ನಲ್ಲಿ ಯಾರ ಎಷ್ಟು ಸಂಪಾದನೆ ಆಗಿದೆ, ಎಷ್ಟು ವಜಾ ಆಗಿದೆ ಎಂಬ ಪಟ್ಟಿ ಸಿಗುತ್ತದೆ. ವಜಾ ಕಾಲಂ ಮೊದಲು ನೋಡಿ. ಐದು ಸಂಪಾದನೆಯಲ್ಲಿ ಎರಡು ವಜಾ ಆದವರಿಗೆ ಅದೇ ದಿನ ಒಂದು ಸಾಲು ಬರೆದರೆ ಅವರು ಉಳಿಯುವ ಸಾಧ್ಯತೆ ಇದೆ. ವಾರ ಕಳೆದ ಮೇಲೆ ಬರೆದದ್ದನ್ನು ಓದಲು ಅವರು ಇರುವುದೇ ಇಲ್ಲ. ಊರಿಗೆ ಹೋಗುವಾಗ, ಪರೀಕ್ಷೆ ಇರುವಾಗ ‘ಸದ್ಯ ಲಭ್ಯವಿಲ್ಲ’ ಎಂಬ ಸ್ಥಿತಿಯನ್ನು ಹಾಕಲು ಮರೆಯಬೇಡಿ. ಆಗ ಪ್ರಶ್ನೆಗಳು ಬೇರೆ ಮಾರ್ಗದರ್ಶಕರ ಕಡೆ ಹೋಗುತ್ತವೆ.