ಹುಲಿ ಉಳಿಸೋಕೆ ದುಡ್ಡು: ಕ್ಯಾಮೆರಾಕ್ಕೋ, ಕಾಡಂಚಿನ ರೈತರಿಗೋ?

ಬಂಡೀಪುರ, ನಾಗರಹೊಳೆ ಕಡೆಗೆ ದುಡ್ಡು ಕೊಡಬೇಕು, ಹುಲಿ ಎಣಿಸುವ ಕ್ಯಾಮೆರಾಕ್ಕೋ, ಹುಲಿಯಿಂದ ಹಸು ಕಳೆದುಕೊಂಡ ರೈತರಿಗೆ ಪರಿಹಾರ ಕೊಡಿಸುವ ಕೆಲಸಕ್ಕೋ ಅಂತ ಕೇಳಿದ್ದೀರಿ.

ಮೊದಲು ಕ್ಯಾಮೆರಾದ ಖರ್ಚು ನೋಡಿ. ಫೋಟೋದಲ್ಲಿ ಒಂದೊಂದು ಹುಲಿಯನ್ನೂ ಮೈಮೇಲಿನ ಪಟ್ಟೆ ನೋಡಿ ಗುರುತಿಸುತ್ತಾರೆ. ಹುಲಿಯ ಎಡ ಮೈಯ ಪಟ್ಟೆ ಬಲಕ್ಕೆ ಹೊಂದುವುದಿಲ್ಲ. ಹಾಗಾಗಿ ದಾರಿಯ ಎರಡೂ ಬದಿಗೆ ಜೋಡಿ ಕ್ಯಾಮೆರಾ ಬೇಕು. ಆಮೇಲೆ ಬ್ಯಾಟರಿ, ಜೀಪು, ಫೋಟೋ ಬೇರ್ಪಡಿಸುವವರ ಸಂಬಳ. ಆನೆ ತುಳಿದರೆ ಮತ್ತೆ ಹೊಸದು. ಒಂದೇ ಸಲ ಕೊಟ್ಟು ಸುಮ್ನಾಗುವವರಿಗೆ ಇದು ಹೊಂದುವುದಿಲ್ಲ.

ಪರಿಹಾರದ ಕೆಲಸಕ್ಕೆ ಸಣ್ಣ ಮೊತ್ತವೂ ಸಾಕು. ಹುಲಿ ಹಸು ಕೊಂದ ದಿನವೇ ಯಾರಾದರೂ ಬೈಕಲ್ಲಿ ಬಂದು ಫೋಟೋ ತೆಗೆದು ಸರ್ಕಾರಕ್ಕೆ ಪರಿಹಾರದ ಅರ್ಜಿ ಬರೆದುಕೊಟ್ಟರೆ ರೈತನ ಕೂಲಿ ಉಳಿಯುತ್ತದೆ, ಸಿಟ್ಟೂ ಇಳಿಯುತ್ತದೆ. ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಎಂಬ ವನ್ಯಜೀವಿ ಸಂಸ್ಥೆಯ 'ವೈಲ್ಡ್ ಸೇವೆ' ಯೋಜನೆ 2015ರಿಂದ ಇದನ್ನೇ ಮಾಡುತ್ತಿದೆ. ಆ ಸಿಟ್ಟು ಸಣ್ಣದಲ್ಲ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ವನ್ಯಧಾಮದಲ್ಲಿ ವಿಷ ಹಾಕಿದ ಹಸುವಿನ ಮಾಂಸ ತಿಂದು ತಾಯಿ ಹುಲಿ, ನಾಲ್ಕು ಮರಿ ಸತ್ತವು. ನನಗೆ ಇನ್ನೂ ಹೊಟ್ಟೆ ಉರಿಯುತ್ತದೆ.

ಆದರೆ ಹುಲಿ ಜಾಸ್ತಿಯಾಯಿತೋ ಕಡಿಮೆಯಾಯಿತೋ ಅಂತ ಅರ್ಜಿ ಹೇಳುವುದಿಲ್ಲ, ಕ್ಯಾಮೆರಾ ಹೇಳುತ್ತದೆ.

ಐದಾರು ವರ್ಷ ತಪ್ಪದೆ ದೊಡ್ಡ ಮೊತ್ತ ಕೊಡುವಿರಾದರೆ ಕ್ಯಾಮೆರಾ. ತಿಂಗಳಿಗೆ ಐನೂರು, ಸಾವಿರ ಅಂದರೆ ರೈತರ ಕಡೆ.