ಹಳೆ ಮನೆ ವೈರಿಂಗ್ ಸಬ್ ಕಾಂಟ್ರ್ಯಾಕ್ಟಿಗೆ ರೇಟು ಹೇಳುವುದು: ನಾಲ್ಕು ಥರ ಮಾಡಿ ನೋಡಿದೆ

ತುಮಕೂರಿನಲ್ಲಿ ಹದಿನಾಲ್ಕು ವರ್ಷದಿಂದ ಎಲೆಕ್ಟ್ರಿಕಲ್ ಕೆಲಸ ಮಾಡುತ್ತಿದ್ದೇನೆ. ನಾನು, ಜೊತೆಗೆ ಒಬ್ಬ ಹೆಲ್ಪರ್ ಹುಡುಗ, ಅಷ್ಟೇ ನಮ್ಮ ತಂಡ. ಹೊಸ ಮನೆಗೆ ರೇಟು ಹೇಳುವುದು ಕಷ್ಟವಲ್ಲ. ಪ್ಲಾನ್ ಕೈಗೆ ಬರುತ್ತದೆ, ಗೋಡೆ ಇಟ್ಟಿಗೆಯದೋ ಬ್ಲಾಕಿನದೋ ಆಗಿರುತ್ತದೆ, ಮೋಲ್ಡ್ ಹಾಕುವ ಮುಂಚೆ ಪೈಪ್ ಎಳೆದು ಫ್ಯಾನ್ ಬಾಕ್ಸ್ ಕೂರಿಸಿದರೆ ಅರ್ಧ ಚಿಂತೆ ಕಳೆಯಿತು. ತಲೆನೋವು ಇರುವುದು ಹಳೆ ಮನೆಗಳಲ್ಲಿ. ಅದರಲ್ಲೂ ಸಿವಿಲ್ ಕಾಂಟ್ರ್ಯಾಕ್ಟರ್ ಇಡೀ ಮನೆಯ ರಿಪೇರಿ ಹಿಡಿದು ವೈರಿಂಗ್ ಮಾತ್ರ ನಮಗೆ ಬಿಟ್ಟಾಗ. ಮಾಲೀಕರಿಗೆ ಅವರು ಆಗಲೇ ಒಂದು ಮೊತ್ತ ಹೇಳಿರುತ್ತಾರೆ, ಅದರೊಳಗೆ ನಮ್ಮನ್ನು ಹಿಡಿಸಬೇಕು ಅಂತ ನೋಡುತ್ತಾರೆ.

ನಮ್ಮ ಕಡೆಯ ಹಳೆ ಮನೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಗೊತ್ತೇ ಇದೆ. ಕಲ್ಲು ಚಪ್ಪಡಿಯ ಮಾಳಿಗೆ, ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮುಂಭಾಗಕ್ಕೆ ಸೈಜುಗಲ್ಲು, ಆಮೇಲೆ ಯಾವಾಗಲೋ ಹಿಂದೆ ಸೇರಿಸಿದ ಇಟ್ಟಿಗೆಯ ಅಡುಗೆಮನೆ. ಒಂದೇ ಮನೆಯಲ್ಲಿ ಮೂರು ಥರದ ಗೋಡೆ. ಮಣ್ಣಿನ ಗೋಡೆಗೆ ಕಟರ್ ಇಟ್ಟು ಒಂದು ಇಂಚು ಗೀರಿದರೆ ನಾಲ್ಕು ಇಂಚು ಉದುರುತ್ತದೆ. ಪೈಪ್ ನಿಲ್ಲಿಸಲು ಮೊಳೆ ಹೊಡೆದರೆ ಮೊಳೆ ಹಿಡಿಯುವುದಿಲ್ಲ, ಮರದ ಗೂಟ ಕೆತ್ತಿ ಬಡಿದು ಅದಕ್ಕೆ ಕ್ಲಾಂಪ್ ಹಾಕಬೇಕು. ಸ್ವಿಚ್ ಬಾಕ್ಸ್ ಕೂರಿಸಿ ಸಿಮೆಂಟ್ ಮೆತ್ತಿದರೆ ಮಾರನೇ ದಿನ ಬಾಕ್ಸು, ಸಿಮೆಂಟು, ಮಣ್ಣು ಮೂರೂ ಒಟ್ಟಿಗೆ ಕೈಗೆ ಬಂದದ್ದೂ ಇದೆ. ಕಲ್ಲಿನ ಗೋಡೆಯ ಕಥೆಯೇ ಬೇರೆ, ಅಲ್ಲಿ ಒಂದು ತೂತಿಗೆ ಅರ್ಧ ಗಂಟೆ ಹೋಗುತ್ತದೆ.

ಕಳೆದ ಕೆಲವು ವರ್ಷಗಳಲ್ಲಿ ಇಂಥ ನಾಲ್ಕು ಮನೆಗಳನ್ನು ನಾಲ್ಕು ಥರ ರೇಟು ಹಾಕಿ ಮಾಡಿದ್ದೇನೆ. ನಾಲ್ಕೂ ಬರೀ ಲೇಬರ್, ಸಾಮಾನು ಕಾಂಟ್ರ್ಯಾಕ್ಟರದ್ದು. ಲೆಕ್ಕ ಹೋಲಿಸಲು ಸುಲಭವಾಗಲಿ ಅಂತ ನನ್ನ ಕೂಲಿ ದಿನಕ್ಕೆ 1,000, ಹುಡುಗನದು 700, ಒಟ್ಟು 1,700 ಅಂತ ಎಲ್ಲ ಕಡೆ ಹಿಡಿದಿದ್ದೇನೆ.

ಮೊದಲನೆಯದು ಚಿಕ್ಕಪೇಟೆ ಕಡೆಯ ಮನೆ. ಪಾಯಿಂಟ್ ರೇಟು, ಅಂದರೆ ಲೈಟು, ಫ್ಯಾನು, ಪ್ಲಗ್ಗು ಒಂದೊಂದಕ್ಕೆ ಇಷ್ಟು ಅಂತ. ಹೊಸ ಮನೆಗೆ ಹೇಳುತ್ತಿದ್ದ 350 ರೂಪಾಯಿಯನ್ನೇ ಹೇಳಿದೆ. ಅಲ್ಲೇ ತಪ್ಪಾಯಿತು. 58 ಪಾಯಿಂಟು, 20,300 ರೂಪಾಯಿ. ಹತ್ತು ಹನ್ನೊಂದು ದಿನ ಅಂದುಕೊಂಡದ್ದು ಹತ್ತೊಂಬತ್ತು ದಿನ ಹಿಡಿಯಿತು. ಹುಡುಗನಿಗೆ 13,300 ಕೊಟ್ಟ ಮೇಲೆ ನನಗೆ ಉಳಿದದ್ದು 7,000, ಅಂದರೆ ದಿನಕ್ಕೆ 370 ಕೂಡ ಬೀಳಲಿಲ್ಲ. ಬ್ಲೇಡು, ಪೆಟ್ರೋಲು ಅದರಲ್ಲೇ ಹೋಗಬೇಕು. ಮನೆಗೆ ಬಂದು ಲೆಕ್ಕ ಬರೆಯುವಾಗ ನಿಜವಾಗಿ ಹೊಟ್ಟೆ ಉರಿಯಿತು, ಏಕೆಂದರೆ ಆ ಮನೆಯಲ್ಲಿ ನಾನು ಒಂದು ದಿನವೂ ಸುಮ್ನೆ ಕೂತಿರಲಿಲ್ಲ.

ಪಾಯಿಂಟ್ ರೇಟಿನ ಇನ್ನೊಂದು ತೊಂದರೆ, ಪಾಯಿಂಟ್ ಅಂದರೆ ಯಾವುದು ಅನ್ನುವುದೇ ಜಗಳ. ಸ್ವಿಚ್ ಬೋರ್ಡಿನಲ್ಲೇ ಇರುವ ಪ್ಲಗ್ಗು ಒಂದು ಪಾಯಿಂಟೋ ಅರ್ಧವೋ? ಮೆಟ್ಟಿಲ ಬಳಿಯ ಲೈಟಿಗೆ ಮೇಲೊಂದು ಕೆಳಗೊಂದು ಟೂ ವೇ ಸ್ವಿಚ್ ಹಾಕಿದರೆ ಒಂದೋ ಎರಡೋ? ಲೈಟಿಗೆ ಬೋರ್ಡಿನಿಂದ 1.5 ಚದರ ಮಿ.ಮೀ. ವೈರ್ ಎಳೆದರೆ ಸಾಕು, ಗೀಸರಿಗೆ ಡಿಬಿಯಿಂದಲೇ (ಮನೆಯ ಎಲ್ಲ ಲೈನು ಹಂಚಿಹೋಗುವ ಡಿಸ್ಟ್ರಿಬ್ಯೂಷನ್ ಬೋರ್ಡು) ಬೇರೆ ಲೈನು 4 ಚದರ ಮಿ.ಮೀ. ವೈರಿನಲ್ಲಿ ತರಬೇಕು. ಎರಡಕ್ಕೂ ಒಂದೇ 350 ಹೇಗೆ ಸರಿಹೋಗುತ್ತದೆ? ಮೇನ್ ಲೈನು, ಡಿಬಿ, ಅರ್ಥಿಂಗ್ ಇವು ಯಾವ ಪಾಯಿಂಟಿನಲ್ಲೂ ಬರುವುದಿಲ್ಲ. ನಾನು ಇದ್ಯಾವುದನ್ನೂ ಮೊದಲೇ ಮಾತಾಡಿರಲಿಲ್ಲ. ಇಷ್ಟಾದರೂ ಒಂದು ಒಳ್ಳೆಯದಿದೆ: ಕೆಲಸ ಹೆಚ್ಚಾದರೆ ದುಡ್ಡು ತಾನಾಗಿ ಹೆಚ್ಚುತ್ತದೆ, ಎಣಿಸಿ ತೋರಿಸಬಹುದು.

ಚದರಡಿ ರೇಟಿನ ಬಗ್ಗೆ ಕೆಲವರು ಕೇಳುತ್ತಾರೆ. ಹಳೆ ಮನೆಗೆ ಅದು ಬೇಡವೇ ಬೇಡ, ನಾನು ಮಾಡಿಯೂ ಇಲ್ಲ. ಮನೆ ಎಷ್ಟು ಅಗಲ ಇದೆ ಅನ್ನುವುದಕ್ಕೂ ಗೋಡೆ ಎಷ್ಟು ಸತಾಯಿಸುತ್ತದೆ ಅನ್ನುವುದಕ್ಕೂ ಸಂಬಂಧವೇ ಇಲ್ಲ.

ಎರಡನೆಯದು ಕ್ಯಾತ್ಸಂದ್ರದ ಕಡೆ. ಸುಟ್ಟುಕೊಂಡಿದ್ದೆನಲ್ಲ, ದಿನಗೂಲಿ ಕೊಡಿ ಅಂದೆ. ನಷ್ಟ ಆಗುವುದಿಲ್ಲ, ರಾತ್ರಿ ನಿದ್ದೆ ಬರುತ್ತದೆ. ಆದರೆ ಅದರ ಕಿರಿಕಿರಿ ಬೇರೆ ಥರ. ಮೇಸ್ತ್ರಿ ದಿನಾ ಸಂಜೆ ಬಂದು ಇವತ್ತು ಎಷ್ಟಾಯಿತು ಅಂತ ಕೇಳುತ್ತಾನೆ, ಕಲ್ಲಿನ ಗೋಡೆಯಲ್ಲಿ ಇಡೀ ದಿನ ಎರಡು ಬಾಕ್ಸ್ ಕೂತಿವೆ ಅಂದರೆ ನಂಬುವುದಿಲ್ಲ. ಗಾರೆಯವರು ಬರಲಿಲ್ಲ ಅಂತ ಎರಡು ದಿನ ನಾವು ಕಾದೆವು, ಬೆಳಿಗ್ಗೆಯಿಂದ ಸೈಟಿನಲ್ಲೇ ಇದ್ದೆವು. ಹದಿನಾರು ದಿನ ಹೋದರೂ ಹಾಜರಿ ಪುಸ್ತಕದಲ್ಲಿ ಬಿದ್ದದ್ದು ಹದಿನಾಲ್ಕು. ಕೈಗೆ ಬಂದದ್ದು 23,800. ನನ್ನದೇ ಕಟರು, ನನ್ನದೇ ಡ್ರಿಲ್ಲು, ಮೂರು ಡೈಮಂಡ್ ಬ್ಲೇಡ್ ಸವೆದವು, ಅದಕ್ಕೆ ಒಂದು ರೂಪಾಯಿ ಇಲ್ಲ. ಕೂಲಿಗೆ ಹೋಗುವಾಗ ಮೆಷಿನ್ ಬಾಡಿಗೆ ಬೇರೆ ಹೇಳಬೇಕು ಅಂತ ಆಮೇಲೆ ಹೊಳೆಯಿತು. ಮತ್ತೆ, ಕೈ ಚುರುಕಾಗಿದ್ದರೆ ಕೂಲಿಯಲ್ಲಿ ನಮಗೇ ಲುಕ್ಸಾನು. ಬೇಗ ಮುಗಿಸಿದಷ್ಟೂ ಕಮ್ಮಿ ಬರುತ್ತದೆ. ಹದಿನಾಲ್ಕು ವರ್ಷದ ಅನುಭವಕ್ಕೆ ಅಲ್ಲಿ ಬೆಲೆ ಇಲ್ಲ.

ಮೂರನೆಯದು ಬಟವಾಡಿ ಹತ್ತಿರ, ಒಟ್ಟು ಗುತ್ತಿಗೆ. ಕಾಂಟ್ರ್ಯಾಕ್ಟರುಗಳಿಗೆ ಇದೇ ಇಷ್ಟ, ಏಕೆಂದರೆ ಅವರ ಲೆಕ್ಕ ಅಲ್ಲಿಗೆ ಮುಗಿಯುತ್ತದೆ. 48,000 ಕೇಳಿದೆ, ಚೌಕಾಸಿ ಆಗಿ 40,000ಕ್ಕೆ ನಿಂತಿತು. ಇಪ್ಪತ್ತು ದಿನಕ್ಕೆ 34,000 ಹೋದರೂ 6,000 ಉಳಿಯುತ್ತದೆ ಅಂತ ನನ್ನ ಎಣಿಕೆ. ಮೊದಲ ದಿನವೇ 10,000 ಅಡ್ವಾನ್ಸ್ ಕೊಟ್ಟರು, ಅದು ನಿಜವಾಗಿ ಒಳ್ಳೆಯದಾಯಿತು.

ಆಮೇಲೆ ಶುರುವಾಯಿತು. ‘ಇದೊಂದು ಹಾಕಿಕೊಡು ಗುರೂ, ಇದರದ್ದೇನು ಲೆಕ್ಕ.’ ಮೊದಲು ಅಂಗಳದ ಲೈಟು. ಆಮೇಲೆ ಬೋರಿನ ಮೋಟರಿಗೆ ಲೈನು. ಆಮೇಲೆ ಎರಡು ಕ್ಯಾಮೆರಾ ಪಾಯಿಂಟು. ನಾನೂ ಆಯ್ತಣ್ಣಾ ಅಂತ ತಲೆ ಆಡಿಸಿದೆ. ಎಲ್ಲಕ್ಕಿಂತ ಜಾಸ್ತಿ ಹೊಡೆತ ಕೊಟ್ಟದ್ದು ಹಳೆ ಲೈನು. ದುಡ್ಡು ಉಳಿಸಲು ಎರಡು ಕೋಣೆಯ ಹಳೆ ವೈರಿಂಗ್ ಹಾಗೇ ಇರಲಿ ಅಂದಿದ್ದರು. ಹೊಸ ಡಿಬಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಲೀಕಾದರೆ ತಾನೇ ಲೈನ್ ಕಡಿಯುವ ಸ್ವಿಚ್ಚು) ಹಾಕಿ ಮೇನ್ ಎತ್ತಿದೆ, ಬೀಳದೆ ನಿಂತಿತು. ಹಿಂದಿನ ಕೋಣೆಯ ಲೈಟ್ ಹಾಕಿದ ತಕ್ಷಣ ಟ್ರಿಪ್. ಮತ್ತೆ ಎತ್ತಿದರೆ ಮತ್ತೆ ಟ್ರಿಪ್. ಹಿಂದೆ ಯಾರೋ ವೈರ್ ಉಳಿಸಲು ಆ ಲೈಟಿನ ನ್ಯೂಟ್ರಲನ್ನು, ಅಂದರೆ ಕರೆಂಟು ವಾಪಸ್ ಹೋಗುವ ವೈರನ್ನು, ಪಕ್ಕದ ಲೈನಿನಿಂದ ಎರವಲು ತಂದಿದ್ದರು. ಆರ್‌ಸಿಸಿಬಿ ಮೂಲಕ ಹೋದ ಕರೆಂಟು ಅದರ ಮೂಲಕವೇ ವಾಪಸ್ ಬರದಿದ್ದರೆ ಅದು ಲೀಕೇಜ್ ಅಂತಲೇ ತಿಳಿದು ಬೀಳುತ್ತದೆ. ಆ ಜಾಯಿಂಟು ಬಾಗಿಲ ಮೇಲಿನ ಮರದ ಪಟ್ಟಿಯ ಹಿಂದೆ, ಸುಣ್ಣದ ಪದರದ ಕೆಳಗೆ ಇತ್ತು. ಹುಡುಕಲು ಎರಡು ದಿನ ಹಿಡಿಯಿತು. ಆರ್‌ಸಿಸಿಬಿ ತೆಗೆದು ಹಾಕು ಅಂತ ಮೇಸ್ತ್ರಿ ಹೇಳಿದ. ನಾನು ಒಪ್ಪಲಿಲ್ಲ. ಆ ಮನೆಯಲ್ಲಿ ಮಕ್ಕಳಿದ್ದಾರೆ.

ಒಟ್ಟು ಇಪ್ಪತ್ಮೂರು ದಿನ, 39,100. ಉಳಿದದ್ದು 900. ಅದರಲ್ಲೂ ಕೊನೆಯ 5,000 ಕೈಗೆ ಬರಲು ನಾಲ್ಕು ತಿಂಗಳು ಓಡಾಡಿದೆ.

ಈ ಮೂರನ್ನೂ ಪಕ್ಕ ಪಕ್ಕ ಇಟ್ಟು ನೋಡಿದಾಗ ನನಗೆ ತಿಳಿದದ್ದು ಇಷ್ಟು. ನಾನು ಪ್ರತಿ ಸಲವೂ ಗೋಡೆ ಬಿಚ್ಚುವ ಮುಂಚೆ ರೇಟು ಹೇಳಿದ್ದೆ. ಸುಣ್ಣ ಬಳಿದ ಗೋಡೆ ಹೊರಗಿನಿಂದ ಎಲ್ಲವೂ ಒಂದೇ ಥರ ಕಾಣುತ್ತದೆ. ಗೊತ್ತಿಲ್ಲದ ಗೋಡೆಗೆ ಪಾಯಿಂಟ್ ರೇಟು ಹೇಳಿದರೂ ಅಂದಾಜೇ, ಒಟ್ಟು ಗುತ್ತಿಗೆ ಹೇಳಿದರೂ ಅಂದಾಜೇ. ಕೂಲಿಯಲ್ಲಿ ಮಾತ್ರ ಅಂದಾಜು ಬೇಕಿಲ್ಲ, ಆದರೆ ಅಲ್ಲಿ ಲಾಭವೂ ಇಲ್ಲ.

ಹಾಗಾಗಿ ನಾಲ್ಕನೆಯ ಮನೆಗೆ, ಶಿರಾ ಗೇಟ್ ಕಡೆ, ಕೂಲಿ, ಪಾಯಿಂಟ್ ರೇಟು ಎರಡನ್ನೂ ಸೇರಿಸಿದೆ. ಮೊದಲ ಎರಡು ದಿನ ಕೂಲಿಗೆ ಕೆಲಸ ಮಾಡುತ್ತೇನೆ, ಹಳೆ ವೈರ್ ಕಿತ್ತು ಒಂದು ಕೋಣೆಗೆ ಪೂರ್ತಿ ಪೈಪ್ ಹಾಕುತ್ತೇನೆ, ಮೂರನೇ ದಿನ ಬೆಳಿಗ್ಗೆ ರೇಟು ಹೇಳುತ್ತೇನೆ ಅಂದೆ. ಕಾಂಟ್ರ್ಯಾಕ್ಟರಿಗೆ ಸರಿಬರಲಿಲ್ಲ. ಬೇರೆಯವರು ನೋಡಿದ ತಕ್ಷಣ ರೇಟು ಹೇಳುತ್ತಾರಲ್ಲ ಅಂದರು. ‘ಅಣ್ಣಾ, ರೇಟು ಒಪ್ಪಿಗೆ ಆಗಲಿಲ್ಲ ಅಂದರೆ ಎರಡು ದಿನದ ಕೂಲಿ ಕೊಟ್ಟು ಕಳಿಸಿ, ಕಿತ್ತ ಕೆಲಸ ಹೇಗೂ ನಿಮಗೆ ಉಳಿಯುತ್ತದೆ’ ಅಂದ ಮೇಲೆ ಒಪ್ಪಿದರು.

ಎರಡು ದಿನದಲ್ಲಿ ಮನೆಯ ಸ್ವಭಾವ ಗೊತ್ತಾಯಿತು. ಅವರನ್ನೇ ಕರೆದು ಗೋಡೆ ತೋರಿಸಿ, ಗೋಡೆಗೊಂದು ರೇಟು ಹೇಳಿದೆ. ಇಟ್ಟಿಗೆಗೆ 350, ಮಣ್ಣಿಗೆ 550, ಕಲ್ಲಿಗೆ 650. ಡಿಬಿ, ಮೇನ್ ಲೈನಿಗೆ ಬೇರೆ 4,500. ಇಟ್ಟಿಗೆಯಲ್ಲಿ 18 ಪಾಯಿಂಟ್, ಮಣ್ಣಿನಲ್ಲಿ 26, ಕಲ್ಲಿನಲ್ಲಿ 14. ಎಲ್ಲ ಸೇರಿ 34,200, ಮೊದಲಿನ ಎರಡು ದಿನದ ಕೂಲಿ 3,400, ಒಟ್ಟು 37,600. ಮೊದಲ ಮನೆಯಷ್ಟೇ 58 ಪಾಯಿಂಟು, ನೋಡಿ. ಹದಿನೆಂಟು ದಿನದಲ್ಲಿ ಮುಗಿಯಿತು, ಕೂಲಿ 30,600, ಬ್ಲೇಡು ಪೆಟ್ರೋಲಿಗೆ 1,900 ಹೋಗಿ 5,100 ಉಳಿಯಿತು. ದೊಡ್ಡ ಲಾಭವಲ್ಲ. ಆದರೆ ಯಾವ ದಿನವೂ ಜಗಳ ಆಗಲಿಲ್ಲ. ಹೆಚ್ಚುವರಿ ಕೆಲಸ ಬಂದಾಗ ಯಾವ ಗೋಡೆ ಅಂತ ನೋಡಿ ಅವರೇ ರೇಟು ಹೇಳುತ್ತಿದ್ದರು.

ಈ ಥರ ಮಾಡುವವರು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಏನು ಪಾಯಿಂಟು, ಏನು ಅಲ್ಲ, ಕಾಯುವ ದಿನಕ್ಕೆ ಎಷ್ಟು, ಗೋಡೆ ಮುಚ್ಚುವುದು ಯಾರ ಕೆಲಸ, ಹಳೆ ಲೈನಿನ ದೋಷ ಹುಡುಕಿದರೆ ಕೂಲಿ ಲೆಕ್ಕ, ಇಷ್ಟು ಸಾಕು. ದುಡ್ಡನ್ನು ಪೈಪ್ ಆದಾಗ, ವೈರ್ ಎಳೆದಾಗ ಜಾಸ್ತಿ ಇಸಿದುಕೊಳ್ಳಿ, ಸ್ವಿಚ್ ಕೂರಿಸುವ ಹೊತ್ತಿಗೆ ಬಾಕಿ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಇರಬಾರದು. ದೊಡ್ಡ ಕಾಂಟ್ರ್ಯಾಕ್ಟರುಗಳು ಒಂದು ಬಿಲ್ಲು 30,000 ದಾಟಿದರೆ 1% ಟಿಡಿಎಸ್, ಅಂದರೆ ಆದಾಯ ತೆರಿಗೆಗೆ ಅಂತ ಮೊದಲೇ ಮುರಿದುಕೊಳ್ಳುವ ದುಡ್ಡು, ಹಿಡಿಯುತ್ತಾರೆ. ಪ್ಯಾನ್ ಕೊಡದಿದ್ದರೆ ಅದೇ 20% ಆಗುತ್ತದೆ, ಆದ್ದರಿಂದ ಪ್ಯಾನ್ ಮೊದಲೇ ಕೊಡಿ. ಹಿಡಿದದ್ದು ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ.

ಎರಡು ದಿನದ ಕೂಲಿಗೆ ಒಪ್ಪದ ಕಾಂಟ್ರ್ಯಾಕ್ಟರುಗಳೂ ಇದ್ದಾರೆ. ಅಂಥ ಎರಡು ಕೆಲಸ ಬಿಟ್ಟಿದ್ದೇನೆ. ಕಲ್ಲಿನ ರೇಟು ಮಾತ್ರ ನಾನು ಇನ್ನೂ ಕಮ್ಮಿಯೇ ಹೇಳಿದೆ ಅನ್ನಿಸುತ್ತಿದೆ. ಆ 14 ಪಾಯಿಂಟಿಗೇ ಆರು ದಿನ ಹೋಯಿತು, ಕೂಲಿ 10,200, ಬಂದದ್ದು 9,100. ಮುಂದಿನ ಮನೆಗೆ ಕಲ್ಲಿಗೆ 750 ಕೇಳುತ್ತೇನೆ.